ಸುಡದೆ ಉಳಿದ ಮಣೆ

ಒಳ್ಳೆಯ ತಾಯಿ ಕೂರುವುದಿಲ್ಲ ಎಂದು ಆ ಊರಿನಲ್ಲಿ ಎಲ್ಲರೂ ನಂಬಿದ್ದರು.

ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕೇಳುವಷ್ಟು ಬಿಡುವಿದ್ದವರು ಗಂಡಸರು; ಅವರು ಕೂತಿದ್ದರು. ಹೆಂಗಸರಿಗೆ ಬಿಡುವಿರಲಿಲ್ಲ, ಅವರು ನಿಂತಿದ್ದರು. ಹೀಗಾಗಿ ನಂಬಿಕೆಗೆ ಯಾವ ಕುಂದೂ ಬಾರದೆ ತಲೆಮಾರುಗಳು ಕಳೆದಿದ್ದವು.

ಮದುವೆಯಾಗಿ ಬರುವ ಹುಡುಗಿ ತವರಿನಿಂದ ಒಂದು ಮಣೆ ತರುತ್ತಿದ್ದಳು. ಹಲಸಿನ ಮರದ್ದು, ನಾಲ್ಕು ಬೆರಳೆತ್ತರದ್ದು. ಮೊದಲ ಮಗು ಹುಟ್ಟುವ ತನಕ ಅವಳು ಅದರ ಮೇಲೆ ಕೂರಬಹುದಿತ್ತು. ಮಗು ಹುಟ್ಟಿದ ದಿನ ಆ ಮಣೆಯನ್ನು ಒಡೆದು ಬಚ್ಚಲೊಲೆಗೆ ಹಾಕುತ್ತಿದ್ದರು. ಅದರ ಬೆಂಕಿಯಲ್ಲಿ ಕಾದ ನೀರೇ ಕೂಸಿನ ಮೊದಲ ಸ್ನಾನಕ್ಕೆ. ಅದೇ ದಿನ ಅಡುಗೆಮನೆಯ ತೊಲೆಯಿಂದ ಒಂದು ಹಗ್ಗ ಇಳಿಬಿಡುತ್ತಿದ್ದರು. ಕಾಲು ಸೋತಾಗ ತಾಯಿ ಅದನ್ನು ಹಿಡಿದು ನಿಂತುಕೊಳ್ಳಬಹುದು. ಹಗ್ಗವನ್ನು ಊರಿನವರು ದೊಡ್ಡ ಕರುಣೆ ಎಂದು ತಿಳಿದಿದ್ದರು. ಮೊದಲು ಕಟ್ಟಿಸಿದವನ ಹೆಸರು ಹೇಳಿ ವರ್ಷಕ್ಕೊಮ್ಮೆ ಪಾಯಸ ಮಾಡುತ್ತಿದ್ದರು. ಪಾಯಸವನ್ನು ತಾಯಂದಿರು ನಿಂತು ಬಡಿಸುತ್ತಿದ್ದರು.

ಒಲೆ ಸೊಂಟದೆತ್ತರಕ್ಕೆ ಇತ್ತು. ಒರಳು ಸೊಂಟದೆತ್ತರಕ್ಕೆ ಇತ್ತು. ತೊಟ್ಟಿಲು ಎದೆಯೆತ್ತರಕ್ಕೆ ತೂಗುತ್ತಿತ್ತು. ಹಾಲೂಡಿಸುವುದು ನಿಂತೇ, ಉಣ್ಣುವುದು ನಿಂತೇ, ಅಕ್ಕಿ ಆರಿಸುವುದು ನಿಂತೇ, ಅಳುವುದೇನಾದರೂ ಇದ್ದರೆ ಅದೂ ನಿಂತೇ. ಮಲಗುವುದಕ್ಕೆ ಮಾತ್ರ ಯಾವ ನಿಯಮವೂ ಇರಲಿಲ್ಲ. ಎಲ್ಲರಿಗಿಂತ ಕೊನೆಗೆ ಮಲಗಿ ಎಲ್ಲರಿಗಿಂತ ಮೊದಲು ಏಳುವವಳನ್ನು ಮಲಗಿದಂತೆ ಕಂಡವರಾದರೂ ಯಾರು?

ಸಾಯುವ ತನಕ ಕೂರದ ತಾಯಿಯನ್ನು ನಿಲ್ಲಿಸಿಯೇ ಮಣ್ಣು ಮಾಡುತ್ತಿದ್ದರು. ಮಣ್ಣು ಮಾಡುತ್ತಿದ್ದರು ಎನ್ನುವುದೂ ತಪ್ಪು, ಅವಳ ಮೇಲೆ ಮಣ್ಣು ಹಾಕುತ್ತಿರಲಿಲ್ಲ. ಊರಾಚೆಯ ದಿಬ್ಬದಲ್ಲಿ ಮೊಳದಗಲದ, ಆಳೆತ್ತರಕ್ಕಿಂತ ಆಳದ ಗುಂಡಿ. ಅಡುಗೆಮನೆಯ ಹಗ್ಗವನ್ನೇ ಬಿಚ್ಚಿ ತಂದು ಅವಳ ಕಂಕುಳಿಗೆ ಕಟ್ಟಿ, ಗುಂಡಿಯ ಬಾಯಿಗೆ ಅಡ್ಡ ಇಟ್ಟ ಗಳುವಿಗೆ ಬಿಗಿದು ನಿಲ್ಲಿಸುವುದು. ಮೇಲೆ ಚಪ್ಪಡಿ. ಚಪ್ಪಡಿಯ ಮೇಲೆ ನಿಂತ ಕಲ್ಲು. ಆ ಜಾಗಕ್ಕೆ ನಿಂತವರ ದಿಬ್ಬ ಎಂದು ಹೆಸರು.

ಹಾಗೆ ನಿಂತವಳ ಗಂಡುಮಕ್ಕಳಿಗೆ ಊರ ನಡುವಿನ ಕಟ್ಟೆಯ ಮೇಲೆ ಕೂರುವ ಹಕ್ಕು. ತಾಯಿ ಬದುಕಿರುವಾಗ ಆ ಹಕ್ಕನ್ನು ನಂಬಿಕೆಯ ಮೇಲೆ ಕೊಡುತ್ತಿದ್ದರು. ಸತ್ತ ದಿನ ಅದು ಖಾಯಂ ಆಗುತ್ತಿತ್ತು. ಅವಳು ಕೂತದ್ದನ್ನು ಕಂಡೆ ಎಂದು ಒಬ್ಬರು ಸಾಕ್ಷಿ ಹೇಳಿದರೂ ಸಾಕು, ಹೆಣವನ್ನು ಹಳ್ಳದ ಆಚೆ ಒಯ್ದು ಎಲ್ಲರಂತೆ ಮಲಗಿಸಿ ಮಣ್ಣು ಎಳೆಯಬೇಕು, ಮಕ್ಕಳು ಕಟ್ಟೆಯಿಂದ ಇಳಿಯಬೇಕು. ಹಾಗೆ ಇಳಿದವರು ಯಾರೂ ಇರಲಿಲ್ಲ. ಅಂದರೆ, ಸಾಕ್ಷಿ ಹೇಳಿದವರು ಯಾರೂ ಇರಲಿಲ್ಲ.

ಇಂಥ ಊರಿನಲ್ಲಿ ಒಬ್ಬ ಅಜ್ಜಿ ಇದ್ದಳು. ಮೂವರು ಗಂಡುಮಕ್ಕಳು, ಎಂಟು ಮೊಮ್ಮಕ್ಕಳು; ಕಿರಿಯರಿಬ್ಬರದು ಬೇರೆ ಬೇರೆ ಮನೆ, ಅವಳಿದ್ದದ್ದು ಹಿರಿಯ ಮಗನ ಜೊತೆ. ಹಿರಿಯ ಮಗನ ಮಗಳು ಮೊದಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬಿತ್ತು. ಅವಳ ಮಣೆಯೂ ಅವಳ ಜೊತೆಗೇ ಬಂದಿತ್ತು. ಇನ್ನೊಂದು ತಿಂಗಳು ಅವಳು ಅದರ ಮೇಲೆ ಕೂರಬಹುದಿತ್ತು.

ಸಾಯುವುದಕ್ಕೆ ಎರಡು ದಿನ ಮೊದಲು, ಮಧ್ಯಾಹ್ನ, ಗಂಡಸರೆಲ್ಲ ಕಟ್ಟೆಗೆ ಹೋಗಿದ್ದಾಗ, ಅಜ್ಜಿ ಹಗ್ಗ ಬಿಟ್ಟು ಗೋಡೆ ಹಿಡಿದು ಬಂದಳು.

"ಬಾರೇ ಇಲ್ಲಿ," ಎಂದಳು. "ಮಾತಾಡಬೇಡ, ಬಾ."

ಮೊಮ್ಮಗಳನ್ನು ಕಾಳಿನ ಕೋಣೆಗೆ ಕರೆದುಕೊಂಡು ಹೋದಳು. ಎರಡು ದೊಡ್ಡ ಕಣಜಗಳ ಹಿಂದೆ ಒಬ್ಬರು ತೂರುವಷ್ಟು ಸಂದಿ ಇತ್ತು. ಸಂದಿಯಲ್ಲಿ ಒಂದು ಮಣೆ ಇತ್ತು. ಅಜ್ಜಿ ಸೀರೆ ಒತ್ತರಿಸಿಕೊಂಡು, ಒಂದು ಕೈಯನ್ನು ಕಣಜಕ್ಕೆ ಕೊಟ್ಟು, ನಿಧಾನವಾಗಿ, ಬಹಳ ರೂಢಿಯಿದ್ದವಳಂತೆ ಕೂತಳು.

ಮೊಮ್ಮಗಳು ಅಜ್ಜಿಯನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ನೀರಿನ ಕೊಡ ಹೊತ್ತು ಹೊತ್ತು ಅವಳ ನಡುನೆತ್ತಿಯಲ್ಲಿ ಕೂದಲೇ ಇರಲಿಲ್ಲ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಇದು ನಿಂದೇನಾ ಅಜ್ಜಿ?"

"ಇನ್ಯಾರದ್ದು? ನಮ್ಮಪ್ಪ ಮಾಡಿಸಿಕೊಟ್ಟದ್ದು."

"ಸುಡಲಿಲ್ವಾ?"

"ನಿಮ್ಮಪ್ಪ ಹುಟ್ಟಿದಾಗ ಹಿಟ್ಟಿನ ಪೆಟ್ಟಿಗೆ ಮುಚ್ಚಳ ಸುಟ್ರು. ನಮ್ಮತ್ತೆ ಬದಲಾಯಿಸಿ ಕೊಟ್ಟಳು. ಹೊಗೆ ಬಂತು, ಎಲ್ಲರೂ ಕೈ ಮುಗಿದ್ರು. ಗಂಡಸರಿಗೆ ಹೊಗೆ ಬಂದ್ರೆ ಆಯ್ತು ಕಣೇ, ಉರಿಯೋದು ಏನು ಅಂತ ಬಗ್ಗಿ ನೋಡಲ್ಲ."

ಮೊಮ್ಮಗಳು ನಕ್ಕಳು. ಅಜ್ಜಿ ನಗಲಿಲ್ಲ. ಕಾಲು ಚಾಚಿದಳು. ಪಾದಗಳು ಊದಿ ಕುಂಬಳಕಾಯಿಯಾಗಿದ್ದವು.

"ನೋಡು, ನಾನು ಹೋದ ಮೇಲೆ ನನ್ನನ್ನ ನಿಲ್ಲಿಸೋಕೆ ಬಿಡಬೇಡ. ಮಲಗಿಸಲಿ, ಕೂರಿಸಲಿ, ಹಳ್ಳಕ್ಕೆ ಬೇಕಾದ್ರೂ ಎಸೀಲಿ. ನಿಲ್ಲಿಸೋದು ಮಾತ್ರ ಬೇಡ. ಕಾಲು ನೋಯುತ್ತೆ."

"ಸತ್ತ ಮೇಲೆ ಎಂಥಾ ನೋವು ಅಜ್ಜಿ?"

"ಹಾಗೆ ಹೇಳೋರನ್ನ ಒಂದು ದಿನ ನಿಲ್ಲಿಸಿ ನೋಡು."

"ನಾನೇನು ಮಾಡ್ಲಿ?"

"ಕಂಡಿದ್ದೀಯಲ್ಲ, ಹೇಳು. ಅದಕ್ಕೇ ಕರೆದು ತೋರಿಸಿದ್ದು. ಬಾಯಿ ಇರೋಳು ಈ ಮನೇಲಿ ನೀನೊಬ್ಬಳೇ."

ಹೇಳಿದರೆ ಕಟ್ಟೆಯಿಂದ ಇಳಿಯಬೇಕಾದವರಲ್ಲಿ ಮೊದಲನೆಯವನು ತನ್ನ ಅಪ್ಪ ಎಂದು ಮೊಮ್ಮಗಳಿಗೆ ಹೊಳೆಯಿತು. ಆದರೂ ಅಜ್ಜಿಯ ಕೈ ಮೇಲೆ ಕೈ ಇಟ್ಟು, "ಹೇಳ್ತೀನಿ," ಎಂದಳು.

ಅಜ್ಜಿ ಸತ್ತದ್ದು ಹಗ್ಗ ಹಿಡಿದುಕೊಂಡೇ. ಅದನ್ನು ಕೇಳಿ ಊರು ಪುಳಕಗೊಂಡಿತು.

ಅಂಗಳದಲ್ಲಿ ಹೆಣವನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿದರು. ಊರೆಲ್ಲ ಸೇರಿತು. ಕಟ್ಟೆಯ ಹಿರಿಯ ಜಗಲಿಯ ಮೇಲೆ ಕೂತ. ಮೂವರು ಗಂಡುಮಕ್ಕಳು ಅವನ ಪಕ್ಕದಲ್ಲಿ ಕೂತರು. ಹೆಂಗಸರು ಬಾಗಿಲ ಹಿಂದೆ ನಿಂತರು. ನೆನಪು ಹೇಳುವ ಶಾಸ್ತ್ರ ಶುರುವಾಯಿತು.

ಹಿರಿಯ ಮಗ ಹೇಳಿದ: "ನನಗೆ ಜ್ವರ ಬಂದಾಗ ನಮ್ಮವ್ವ ಒಂಬತ್ತು ದಿನ ನನ್ನ ತಲೆದೆಸೆಯಲ್ಲಿ..."

"ನಿಂತೇ ಇದ್ದಳು," ಎಂದಿತು ಊರು.

ನಡುವಿನವ ಹೇಳಿದ: "ನಮ್ಮ ಊಟ ಮುಗಿದ ಮೇಲೆ ಉಳಿದದ್ದನ್ನ ಉಣ್ಣುತ್ತಾ ಮೂಲೆಯಲ್ಲಿ..."

"ನಿಂತೇ ಇದ್ದಳು."

ಇವನು ಉಂಡ ಮೇಲೆ ಉಳಿಯುತ್ತಿದ್ದುದು ಪಾತ್ರೆ ಮಾತ್ರ ಎಂದು ಬಾಗಿಲ ಹಿಂದೆ ಯಾರೋ ಗೊಣಗಿದರು. ಅದು ಶಾಸ್ತ್ರದಲ್ಲಿ ಇರಲಿಲ್ಲ, ಆದ್ದರಿಂದ ಯಾರಿಗೂ ಕೇಳಿಸಲಿಲ್ಲ.

ಕಿರಿಯವ ಏನೂ ಹೇಳಲಿಲ್ಲ. ಅತ್ತ. ಆ ಊರಿನಲ್ಲಿ ಅವನಷ್ಟು ಚೆನ್ನಾಗಿ ಅಳುವವರು ಬೇರೆ ಇರಲಿಲ್ಲ. ಬೇರೆಯವರ ಮನೆಗೂ ಕರೆಸುತ್ತಿದ್ದರು. ಅವನು ಬಿಕ್ಕಿದಾಗಲೆಲ್ಲ ಊರು "ನಿಂತೇ ಇದ್ದಳು" ಎಂದಿತು. ಬಿಕ್ಕುತ್ತಲೇ ಅವನು ಒಳಗೆ ತಿರುಗಿ ಅತ್ತಿಗೆಗೆ ನೀರು ತರಲು ಸನ್ನೆ ಮಾಡಿದ. ಅತ್ತಿಗೆ ತಂದಳು.

"ಕಲ್ಲಿನ ಮೇಲೆ ಏನು ಕೆತ್ತಿಸೋಣ?" ಎಂದು ಕಟ್ಟೆಯ ಹಿರಿಯ ಕೇಳಿದ.

"ಪಾದ," ಎಂದರು ಮೂವರೂ ಒಟ್ಟಿಗೆ.

ದಿಬ್ಬದ ಮೇಲಿನ ಕಲ್ಲುಗಳಲ್ಲೆಲ್ಲ ಪಾದಗಳೇ ಇದ್ದವು. ಭಕ್ತಿ ಎಂದು ಊರು ತಿಳಿದಿತ್ತು. ಜೀವಮಾನವೆಲ್ಲ ಕೂತವರ ಕಣ್ಣಿಗೆ ನಿಂತವರಲ್ಲಿ ಸಿಕ್ಕುವುದು ಅಷ್ಟೇ. ಅಜ್ಜಿಯ ಗಲ್ಲದ ಮೇಲೆ ಮಚ್ಚೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕೇಳಿದ್ದರೆ ಮೂವರೂ ಎದ್ದು ಹೋಗಿ ಕಂಬದ ಹತ್ತಿರ ನೋಡಿ ಬರಬೇಕಾಗಿತ್ತು.

ಕಟ್ಟೆಯ ಹಿರಿಯ ಗಂಟಲು ಸರಿಮಾಡಿಕೊಂಡ.

"ಈ ತಾಯಿ ಕೂತದ್ದನ್ನ ಕಂಡವರು ಇದ್ದೀರಾ?"

ಸದ್ದಿಲ್ಲ.

"ಈ ತಾಯಿ ಕೂತದ್ದನ್ನ ಕಂಡವರು ಇದ್ದೀರಾ?"

ಸದ್ದಿಲ್ಲ. ಹೊರಗೆ ಗುಂಡಿ ತೋಡುವವನು ಹಾರೆ ಕೈಗೆತ್ತಿಕೊಂಡ.

"ಈ ತಾಯಿ ಕೂತದ್ದನ್ನ ಕಂಡವರು ಇದ್ದೀರಾ?"

ಹೆಂಗಸರ ನಡುವೆ ಮಣೆಯ ಮೇಲೆ ಕೂತಿದ್ದವಳು ಮೊಮ್ಮಗಳು ಒಬ್ಬಳೇ. ಅವಳು ಗೋಡೆ ಹಿಡಿದು ಎದ್ದಳು.

"ನಾನು ಕಂಡಿದ್ದೀನಿ."

ಹಾರೆ ನೆಲಕ್ಕೆ ಬಿತ್ತು.

"ಯಾರದು?"

"ನಿಮ್ಮ ಪಕ್ಕ ಕೂತಿರೋರ ಮಗಳು."

"ಬಸುರಿ," ಎಂದ ನಡುವಿನವ. "ಈ ಹೊತ್ತಲ್ಲಿ ಹೆಂಗಸರಿಗೆ ಏನೇನೋ ಕಾಣುತ್ತೆ."

"ಏನೇನೋ ಕಾಣಲಿಲ್ಲ ಚಿಕ್ಕಪ್ಪ. ಅಜ್ಜಿ ಕಾಣಿಸಿದಳು. ಕೂತಿದ್ದಳು."

"ಎಲ್ಲಿ?" ಎಂದ ಕಟ್ಟೆಯ ಹಿರಿಯ.

"ಕಣಜದ ಹಿಂದೆ."

"ನೆಲದ ಮೇಲಾ?"

"ಮಣೆ ಮೇಲೆ."

"ಯಾರ ಮಣೆ? ಅವಳ ಮಣೆ ಐವತ್ತು ವರ್ಷದ ಹಿಂದೆ ಸುಟ್ಟದ್ದು. ಹೊಗೆ ನಾನೇ ನೋಡಿದ್ದೀನಿ."

"ಹೊಗೆ ನೋಡಿದ್ದೀರಿ," ಎಂದು ಮೊಮ್ಮಗಳು ಒಳಗೆ ಹೋದಳು. ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಮಣೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಂದಳು. ಅಂಗಳದ ಬಿಸಿಲಿನಲ್ಲಿ, ಹೆಣದ ಮುಂದೆ ಇಟ್ಟಳು.

ಮಣೆಯ ನಡುವೆ ಸವೆದು ತಗ್ಗಾಗಿತ್ತು. ಆ ತಗ್ಗು ನುಣ್ಣಗೆ ಹೊಳೆಯುತ್ತಿತ್ತು. ಅದು ಏನು ಎಂದು ಎಳೆಗೂಸಿಗೂ ತಿಳಿಯುತ್ತಿತ್ತು.

"ಇಳಿಸು, ನಿಮ್ಮಪ್ಪನನ್ನ ಇಳಿಸು," ಎಂದ ಕಿರಿಯವ. ಅಳು ಪೂರ್ತಿ ನಿಂತಿತ್ತು. "ಅದಕ್ಕೇ ಬಂದದ್ದಲ್ಲವಾ ತವರಿಗೆ!"

"ಅಪ್ಪನನ್ನ ಇಳಿಸೋಕಲ್ಲ ಚಿಕ್ಕಪ್ಪ. ಅಜ್ಜಿನ ಮಲಗಿಸೋಕೆ. ಅಜ್ಜಿ ನನ್ನ ಕೈ ಹಿಡಿದು ಕೇಳಿದಳು, ನಿಲ್ಲಿಸಬೇಡಿ ಅಂತ."

ಹಿರಿಯ ಮಗ ಮಗಳನ್ನು ನೋಡಲಿಲ್ಲ. ಮಣೆಯನ್ನು ನೋಡಿದ. ಆಮೇಲೆ ಜಗಲಿಯಿಂದ ಒಂದು ಕಾಲು ಕೆಳಗೆ ಬಿಟ್ಟ. ಪಾದ ನೆಲಕ್ಕೆ ತಾಗಿತು. ಅಷ್ಟು ಹೊತ್ತು, ಒಂದು ಉಸಿರಿನಷ್ಟು ಹೊತ್ತು, ಆ ಊರಿನಲ್ಲಿ ನಿಜ ಎಲ್ಲರಿಗೂ ಕಾಣುವಂತೆ ಅಂಗಳದಲ್ಲಿ ಇತ್ತು.

ಆಗ ಬಾಗಿಲ ಹಿಂದಿನಿಂದ ಹಿರಿಯ ಸೊಸೆ, ಮೊಮ್ಮಗಳ ತಾಯಿ, ಮಾತಾಡಿದಳು. ನಲವತ್ತು ಜನರ ಮುಂದೆ ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಅದು ಅತ್ತೆ ಹತ್ತಿ ನಿಲ್ತಾ ಇದ್ದ ಮಣೆ," ಎಂದಳು. "ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಎಟುಕ್ತಾ ಇರಲಿಲ್ಲ. ಅದಕ್ಕೆ."

"ಅಮ್ಮಾ!"

"ನೀನು ಸುಮ್ಮನಿರು. ನಿನಗೆ ಗೊತ್ತಿಲ್ಲ."

ಜಗಲಿಯ ಮೇಲೆ ಉಸಿರು ಮರಳಿತು. ಹಿರಿಯ ಮಗನ ಕಾಲು ಮೇಲೆ ಹೋಗಿ ಮಡಚಿಕೊಂಡಿತು. "ಹೌದು, ಹೌದು, ಉಪ್ಪಿನಕಾಯಿ," ಎಂದ ನಡುವಿನವ. "ಜಾಡಿ ಮೇಲೇ ಇರ್ತಿತ್ತು." ತಾನು ಹುಟ್ಟಿ ಬೆಳೆದ ಮನೆಯಲ್ಲಿ ಜಾಡಿ ಎಲ್ಲಿರುತ್ತದೆಂದು ಅವನಿಗೆ ಅದೇ ಮೊದಲು ತಿಳಿದದ್ದು.

ಮೊಮ್ಮಗಳು ಬಿಡಲಿಲ್ಲ. "ಹತ್ತಿ ನಿಂತರೆ ನಟ್ಟನಡುವೆ ಹೀಗೆ ಸವೆಯುತ್ತಾ? ಪಾದ ಎರಡಿರ್ತವೆ. ಸವೆದರೆ ಎರಡು ಕಡೆ ಸವೆಯಬೇಕು."

ಕಟ್ಟೆಯ ಹಿರಿಯ ಕಣ್ಣು ಮುಚ್ಚಿದ. ಯೋಚಿಸುವಾಗ ಹಾಗೆ ಮಾಡುವುದು ಅವನ ವಾಡಿಕೆ. ಕಣ್ಣು ತೆರೆದಿದ್ದರೆ ಮಣೆ ಕಾಣುತ್ತಿತ್ತು.

"ಒಳ್ಳೆಯ ತಾಯಿ ಕಾಲು ಜೋಡಿಸಿ ನಿಲ್ತಾಳೆ," ಎಂದ.

"ನಿಂತೇ ಇದ್ದಳು," ಎಂದಿತು ಊರು.

ಮುಂದಿನದೆಲ್ಲ ಬೇಗ ಮುಗಿಯಿತು. ಮಣೆಗೆ ಅರಿಶಿನ ಬಳಿದರು, ಕುಂಕುಮ ಇಟ್ಟರು. ಕೂರುವ ಮಣೆಯ ಮೇಲೂ ಕೂರದೆ ನಿಂತವಳು ಇವಳೊಬ್ಬಳೇ ಎಂದು ಹಿರಿಯ ಸಾರಿದ. ಗಂಡಸರು ಕಣ್ಣೊರೆಸಿಕೊಂಡರು. ಗುಂಡಿಗೆ ಇಳಿಸುವಾಗ ಆ ಮಣೆಯನ್ನು ಅವಳ ಪಾದದ ಕೆಳಗೇ ಇಡಬೇಕೆಂದು ತೀರ್ಮಾನವಾಯಿತು. ಅಂಥ ಗೌರವ ಹಿಂದೆ ಯಾರಿಗೂ ಸಿಕ್ಕಿರಲಿಲ್ಲ.

ದಿಬ್ಬದಲ್ಲಿ ಗುಂಡಿ ತೋಡುವವನು ಹಗ್ಗವನ್ನು ಬೆರಳಲ್ಲಿ ಉಜ್ಜಿ ನೋಡಿದ.

"ತೆಂಗಿನ ನಾರು," ಎಂದ. "ಹಳೇದು."

ಕೆಳಗೆ ಮಣೆ ಇಟ್ಟ. ಅಜ್ಜಿಯನ್ನು ಇಳಿಸಿದ. ಕಾಲು ಜೋಡಿಸಿ ನಿಲ್ಲಿಸಿದ. ಹಗ್ಗ ಬಿಗಿದ. ಚಪ್ಪಡಿ ಎಳೆದ. ಮೊಮ್ಮಗಳು ಚಪ್ಪಡಿಯ ಸಂದು ಮುಚ್ಚುವ ತನಕ ನೋಡಿದಳು. ಕೊನೆಗೆ ಕಂಡದ್ದು ಕೂದಲಿಲ್ಲದ ನಡುನೆತ್ತಿ.

ಮನೆಗೆ ಬಂದಾಗ ತಾಯಿ ಅಡುಗೆಮನೆಯಲ್ಲಿ ಹಗ್ಗ ಹಿಡಿದು ನಿಂತಿದ್ದಳು. ಅಲ್ಲಿ ಮೊದಲು ಎರಡು ಹಗ್ಗ ಇದ್ದವು, ಈಗ ಒಂದು.

"ಯಾಕಮ್ಮ ಹಾಗೆ ಹೇಳಿದೆ?"

ತಾಯಿ ಮೊದಲು ಹಿತ್ತಿಲ ಬಾಗಿಲು ನೋಡಿದಳು, ಆಮೇಲೆ ನಡುಮನೆಯ ಬಾಗಿಲು ನೋಡಿದಳು.

"ಆ ಸಂದಿ ತೋರಿಸಿಬಿಟ್ಟೆಯಲ್ಲೇ. ಸಾಕ್ಷಿ ಆಗಿದ್ದರೆ ಊರಿನ ಎಲ್ಲ ಕಣಜದ ಹಿಂದೆನೂ ಹುಡುಕ್ತಾ ಇದ್ರು. ಮೊದಲು ನಮ್ಮದರ ಹಿಂದೆ." ದನಿ ತಗ್ಗಿಸಿದಳು. "ಮಧ್ಯಾಹ್ನ ಅತ್ತೆಗೆ ಅರ್ಧ ಗಳಿಗೆ, ಅವರು ಎದ್ದ ಮೇಲೆ ನನಗೆ ಅರ್ಧ ಗಳಿಗೆ. ಇಪ್ಪತ್ನಾಲ್ಕು ವರ್ಷ. ಒಬ್ಬರು ಕೂತಾಗ ಇನ್ನೊಬ್ಬರು ಬಾಗಿಲು ಕಾಯೋದು. ಒಂದು ಮಾತೂ ಆಡ್ತಾ ಇರಲಿಲ್ಲ."

"ಹಾಗಾದ್ರೆ ಅಜ್ಜಿಗೆ ಕೊಟ್ಟ ಮಾತು?"

"ಅವರು ಸತ್ತಿದ್ದಾರೆ. ನಾನು ಸತ್ತಿಲ್ಲ." ತಾಯಿ ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಆ ಮಣೆನೂ ನೀನು ಗುಂಡಿಗೆ ಹಾಕಿಸಿ ಬಂದೆ. ನಾನು ಇನ್ನು ಎಲ್ಲಿ ಕೂರಲಿ ಹೇಳು?"

ಮೊಮ್ಮಗಳು ತನ್ನ ಮಣೆಯನ್ನು ಕಾಲಿನಿಂದ ತಾಯಿಯ ಕಡೆಗೆ ಸರಿಸಿ, ಹೋಗಿ ಬಾಗಿಲಲ್ಲಿ ನಿಂತಳು. ಬೆನ್ನು ಒಳಗೆ, ಮುಖ ಹೊರಗೆ. ಹಿಂದೆ ಸೀರೆ ಒತ್ತರಿಸಿಕೊಂಡ ಸದ್ದು ಕೇಳಿಸಿತು.

ಇಪ್ಪತ್ತಾರನೆಯ ದಿನ ಹೆರಿಗೆಯಾಯಿತು. ಹೆಣ್ಣು. ಬಚ್ಚಲೊಲೆಯಿಂದ ಹೊಗೆ ಬಂತು, ಎಲ್ಲರೂ ಕೈ ಮುಗಿದರು. ಆ ವಾರ ಹಿಟ್ಟಿನ ಪೆಟ್ಟಿಗೆಗೆ ಹೊಸ ಮುಚ್ಚಳ ಮಾಡಿಸಬೇಕಾಯಿತು.

ಏಳು ವರ್ಷಗಳಲ್ಲಿ ಅಜ್ಜಿ ದೊಡ್ಡ ಹೆಸರಾದಳು. ಮಣೆಯವ್ವ ಎಂದು ಕರೆದರು. ಹೊಸ ಸೊಸೆಯರನ್ನು ಕರೆತಂದು ಅವಳ ಕಲ್ಲಿನ ಮುಂದೆ ನಿಲ್ಲಿಸಿ, "ನೋಡು, ಮಣೆ ಇದ್ದರೂ ಕೂರಲಿಲ್ಲ," ಎಂದು ತೋರಿಸಿದರು. ಶುಕ್ರವಾರಗಳಂದು ತಾಯಂದಿರು ಕಾಲು ಜೋಡಿಸಿ ಮಣೆಯ ಮೇಲೆ ಒಂದು ಗಳಿಗೆ ನಿಲ್ಲುವ ವ್ರತ ಹುಟ್ಟಿತು. ವ್ರತದ ಮಣೆಗಳನ್ನು ಸುಡಬೇಕಾಗಿರಲಿಲ್ಲ. ಪ್ರತಿ ಮನೆಯಲ್ಲೂ ಒಂದು ಉಳಿಯಿತು. ಈ ವ್ರತವನ್ನು ಹೆಂಗಸರು ಬಾಗಿಲು ಹಾಕಿಕೊಂಡು ಮಾಡುತ್ತಿದ್ದರು. ಅವರ ಭಕ್ತಿಯನ್ನು ಗಂಡಸರು ಕಟ್ಟೆಯ ಮೇಲೆ ಕೂತು ಹೊಗಳಿದರು.

ಹೊಗಳುವವರು ಹೆಚ್ಚಿದ್ದರಿಂದ ಕಟ್ಟೆ ಸಾಲದೆ ಬಂತು. ಅಗಲ ಮಾಡಿಸಬೇಕೆಂದು ಹಿರಿಯ ಹೇಳಿದ. ಮಣ್ಣು ಬೇಕಾಯಿತು. ಹತ್ತಿರದಲ್ಲಿ ಒಳ್ಳೆಯ ಗಟ್ಟಿ ಮಣ್ಣು ಇದ್ದದ್ದು ನಿಂತವರ ದಿಬ್ಬದ ಮಗ್ಗುಲಲ್ಲಿ. ಸ್ವಲ್ಪ ತೆಗೆದರೆ ತಾಯಂದಿರು ಬೇಡ ಅನ್ನುತ್ತಾರೆಯೇ ಎಂದರು. ಅವರು ಯಾವತ್ತೂ ಬೇಡ ಎಂದಿರಲಿಲ್ಲ.

ನಾಲ್ಕನೆಯ ದಿನ ದಿಬ್ಬದ ಮಗ್ಗುಲು ಕುಸಿಯಿತು. ಗುಂಡಿಗಳ ಒಂದು ಸಾಲು, ಅರ್ಧ ಕತ್ತರಿಸಿದ ಜೇನುಗೂಡಿನ ಹಾಗೆ, ಬಾಯಿ ತೆರೆದು ನಿಂತಿತು. ಸುದ್ದಿ ಮುಟ್ಟಿ ಕಟ್ಟೆ ಖಾಲಿಯಾಯಿತು. ಹಿರಿಯ ಬಂದ, ಮೂವರು ಗಂಡುಮಕ್ಕಳು ಬಂದರು, ಊರೆಲ್ಲ ಬಂತು. ಮೊಮ್ಮಗಳು ಏಳು ವರ್ಷದ ಮಗಳ ಕೈ ಹಿಡಿದು ಬಂದಳು. ಅವಳ ಹಿಂದೆ ಅವಳ ತಾಯಿ ಬಂದಳು.

ಹತ್ತಿರ ಹೋಗಲು ಯಾರಿಗೂ ಧೈರ್ಯವಾಗಲಿಲ್ಲ. ಗುಂಡಿ ತೋಡುವವನನ್ನೇ ಕಳಿಸಿದರು. ಅವನು ಮೊದಲ ಗುಂಡಿಗೆ ಬಗ್ಗಿ ನೋಡಿದ. ಎರಡನೆಯದಕ್ಕೆ ಬಗ್ಗಿ ನೋಡಿದ. ಸಾಲಿನುದ್ದಕ್ಕೂ ನಡೆದ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಹಗ್ಗ ಎಲ್ಲಾ ಹೋಗಿದೆ ಸ್ವಾಮಿ," ಎಂದ.

"ಹಗ್ಗ ಹೋಗಲಿ. ತಾಯಂದಿರು?"

"ಒಬ್ಬರೂ ನಿಂತಿಲ್ಲ."

ಕಟ್ಟೆಯ ಹಿರಿಯ ಸಾಲಿನ ಕೊನೆಯ ಗುಂಡಿಯತ್ತ ಕೈ ತೋರಿಸಿದ.

"ಮಣೆಯವ್ವನದ್ದು ನೋಡು. ಅದನ್ನ ನೋಡು. ಮಣೆಯವ್ವ?"

ಗುಂಡಿ ತೋಡುವವನು ಪಕ್ಕಕ್ಕೆ ಸರಿದು, ಎಲ್ಲರಿಗೂ ಕಾಣುವಂತೆ ಜಾಗ ಬಿಟ್ಟ.

ಅಜ್ಜಿ ಮಣೆಯ ಮೇಲೆ ಕೂತಿದ್ದಳು.